ಟೈಪಕ್ಕನ ಬಾಡಿಗೆ ನೆಂಟರು

ಅಣ್ಣನ ಕೈ ಲಕೋಟೆಯ ಮೇಲಿಂದ ಏಳಲು ನಲವತ್ತು ನಿಮಿಷ ಬೇಕಾಗುತ್ತಿತ್ತು. ಟೈಪಕ್ಕ ಅದನ್ನು ಗೋಡೆ ಗಡಿಯಾರ ನೋಡಿಯೇ ಅಳೆದಿದ್ದಳು. ತಿಂಗಳ ಮೊದಲ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಅವನು ಬರುತ್ತಿದ್ದ. ಕೈಯಿರುವ ಕುರ್ಚಿ ಆ ಮನೆಯಲ್ಲಿ ಇದ್ದದ್ದು ಒಂದೇ, ಅದರಲ್ಲಿ ಕೂರುತ್ತಿದ್ದ. ಜೇಬಿನಿಂದ ಕಂದು ಲಕೋಟೆ ತೆಗೆದು ಮೇಜಿನ ಮೇಲಿಟ್ಟು, ಅದರ ಮೇಲೆ ಅಂಗೈ ಊರಿ, ಮಾತಿಗೆ ಶುರು ಹಚ್ಚುತ್ತಿದ್ದ. ಹೋದ ತಿಂಗಳು ಎರಡು ಸೋಪು ಹೇಗೆ ಕರಗಿತು, ಒಬ್ಬಳೇ ಇರುವ ಮನೆಗೆ ದಿನಪತ್ರಿಕೆ ಯಾಕೆ, ಹಿತ್ತಲಿನ ದೀಪ ಯಾರ ಮುಖ ನೋಡಲು ಉರಿಯುತ್ತದೆ. ಎರಡು ಲೋಟ ಚಹಾ ಒಳಗೆ ಹೋಗಿ, ಉಪದೇಶವೆಲ್ಲ ಹೊರಗೆ ಬಂದ ಮೇಲೆ, ಕೈ ಮೆಲ್ಲಗೆ ಏಳುತ್ತಿತ್ತು. ಆ ಚಹಾಕ್ಕೆ ಬೀಳುವ ಸಕ್ಕರೆಯೂ ಲಕೋಟೆಯ ದುಡ್ಡಿನದೇ ಎಂದು ಇಬ್ಬರಿಗೂ ಗೊತ್ತಿತ್ತು. ಆದ್ದರಿಂದ ಅಣ್ಣ ಮೂರು ಚಮಚ ಹಾಕಿಸಿಕೊಳ್ಳುತ್ತಿದ್ದ.

ಅಣ್ಣ ಕೆಟ್ಟವನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ, ಏಕೆಂದರೆ ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಗಂಡ ತೀರಿಕೊಂಡ ತಂಗಿಯನ್ನು ಮೂರು ವರ್ಷದಿಂದ ಸಾಕುತ್ತಿರುವ ಸಂಗತಿ ಅವನ ಬೀದಿಗೆ, ಅವನ ಕ್ಷೌರದಂಗಡಿಗೆ, ನೋಂದಣಿ ಕಚೇರಿಯ ಮೆಟ್ಟಿಲ ಮೇಲೆ ಕೂರುವ ಎಲ್ಲರಿಗೂ ಬಾಯಿಪಾಠವಾಗಿತ್ತು. ಆ ಕಚೇರಿಯ ಮೆಟ್ಟಿಲ ಕೆಳಗೇ ಅವನ ಮೇಜು. ಕ್ರಯಪತ್ರ, ದಾನಪತ್ರ, ಭೋಗ್ಯಪತ್ರ ಬರೆಯುವುದು ಅವನ ಕಸುಬು. ಮೂವತ್ತೈದು ವರ್ಷ ಅದನ್ನೇ ಬರೆದು ಬರೆದು, ಮನೆಯಲ್ಲಿ ನೀರು ಕೇಳುವಾಗಲೂ 'ಸದರಿ ಚೊಂಬು' ಎನ್ನುವ ಮಟ್ಟಕ್ಕೆ ಬಂದಿದ್ದ.

ಟೈಪಕ್ಕನ ಗಂಡ ಟೈಪಿಂಗ್ ಶಾಲೆ ನಡೆಸುತ್ತಿದ್ದವನು. ಮಾಳಿಗೆಯ ಎರಡು ಕೋಣೆಗಳಲ್ಲಿ ಹನ್ನೆರಡು ಮಷೀನು, ದಿನವಿಡೀ ಟಕಟಕ. ಕಂಪ್ಯೂಟರು ಬಂದು ಶಾಲೆಯ ಉಸಿರು ನಿಂತಿತು, ಅದಾಗಿ ಕೆಲವು ವರ್ಷಕ್ಕೆ ಅವನದೂ ನಿಂತಿತು. ಹನ್ನೊಂದು ಮಷೀನು ಗುಜರಿಗೆ ಹೋದವು. ಒಂದನ್ನು ಟೈಪಕ್ಕ ಬಿಟ್ಟುಕೊಡಲಿಲ್ಲ. ಅಡುಗೆಮನೆಯ ಕಿಟಕಿ ಪಕ್ಕ ಅದು ಕೂತಿತ್ತು, ಮೇಲೊಂದು ಹಳೇ ದಿಂಬಿನ ಚೀಲ ಹೊದ್ದುಕೊಂಡು. ಅದಕ್ಕೆ ಕೆಲಸವೂ ಇತ್ತು. ಪ್ರತಿ ಬುಧವಾರ ಅಣ್ಣ ಕೈಬರಹದ ಕರಡುಗಳನ್ನು ಕಳಿಸುತ್ತಿದ್ದ, ಟೈಪಕ್ಕ ಒಂದಕ್ಷರ ತಪ್ಪದೆ ಟೈಪ್ ಮಾಡಿ ಕೊಡುತ್ತಿದ್ದಳು. ಮದುವೆಯಾದ ವರ್ಷದಿಂದ ನಡೆದು ಬಂದ ಪದ್ಧತಿ ಅದು. ಒಮ್ಮೆ ಮಾತ್ರ ಗಂಡ ಮೆಲ್ಲಗೆ ದುಡ್ಡಿನ ಮಾತೆತ್ತಿದ್ದ. ಅಣ್ಣ ಅವನ ಹೆಗಲ ಮೇಲೆ ಕೈ ಹಾಕಿ, "ಅಯ್ಯೋ ಭಾವ, ನಮ್ಮೊಳಗೆ ಲೆಕ್ಕ ಯಾಕೆ?" ಎಂದು ನಕ್ಕಿದ್ದ. ಭಾವನೂ ನಕ್ಕಿದ್ದ. ಆಮೇಲೆ ಯಾರೂ ಆ ಮಾತು ಎತ್ತಿರಲಿಲ್ಲ.

ಟೈಪಕ್ಕನಿಗೆ ಬದುಕಿನಲ್ಲಿ ಈಗ ಉಳಿದಿದ್ದದ್ದು ಒಂದೇ ಆಸೆ. ಅಣ್ಣ ಲಕೋಟೆ ಇಟ್ಟ ಕೂಡಲೇ ಅದನ್ನು ತನ್ನ ಕೈಯಿಂದಲೇ ಹಿಂದಕ್ಕೆ ತಳ್ಳಬೇಕು. 'ಬೇಡ ಅಣ್ಣ' ಎನ್ನಬೇಕು. ಪಾತ್ರೆ ತೊಳೆಯುವಾಗ, ಬಟ್ಟೆ ಒಣಹಾಕುವಾಗ ಅವಳು ಆ ಎರಡು ಪದಗಳನ್ನು ಬೇರೆ ಬೇರೆ ದನಿಯಲ್ಲಿ ಅಭ್ಯಾಸ ಮಾಡುತ್ತಿದ್ದಳು.

ಮಾಳಿಗೆ ಖಾಲಿ ಬಿದ್ದಿತ್ತು. ಅದನ್ನು ಬಾಡಿಗೆಗೆ ಕೊಡುತ್ತೇನೆಂದು ಒಂದು ಭಾನುವಾರ ಹೇಳಿಯೇಬಿಟ್ಟಳು. ಅಣ್ಣನ ಕೈಯಲ್ಲಿದ್ದ ಲೋಟ ಬಾಯಿಗೆ ಹೋಗುವುದನ್ನು ಮರೆಯಿತು.

"ಬಾಡಿಗೆಗಾ? ಮನೆ ಒಳಗೆ ಕಂಡಕಂಡವರನ್ನ ತುಂಬ್ಕೊಳ್ತೀಯಾ? ನಮ್ಮ ಮನೆತನದಲ್ಲಿ ಯಾರಾದ್ರೂ ಮಾಡಿದ್ರೇನೇ ಇದನ್ನ? ನಾಲ್ಕು ಜನ ಏನಂತಾರೆ?"

"ಆ ನಾಲ್ಕು ಜನ ಸೋಪಿನ ಲೆಕ್ಕ ಕೇಳಲ್ಲ" ಎಂದಳು ಟೈಪಕ್ಕ. ಆದರೆ ಅಡುಗೆಮನೆಗೆ ಹೋಗಿ, ಒಲೆಗೆ ಹೇಳಿದಳು. ಅವಳ ಒಳ್ಳೊಳ್ಳೆಯ ಮಾತುಗಳೆಲ್ಲ ಆ ಒಲೆಗೇ ಗೊತ್ತು.

ಅಣ್ಣ ಯೋಚಿಸಿದ. ಬಾಡಿಗೆ ಬಂದರೆ ಲಕೋಟೆ ತೆಳ್ಳಗಾಗುತ್ತದೆ ಎಂಬ ವಿಚಾರವೂ ಆ ಯೋಚನೆಯಲ್ಲಿ ಎಲ್ಲೋ ಒಂದು ಕಡೆ ಹಾದುಹೋಗಿರಬೇಕು, ಏಕೆಂದರೆ ಎರಡನೇ ಲೋಟ ಮುಗಿಯುವುದರೊಳಗೆ ಅವನ ಮನಸ್ಸು ಮೆತ್ತಗಾಯಿತು.

"ಸರಿ, ಇಟ್ಕೋ. ಆದ್ರೆ ಬಾಡಿಗೆಯವ್ರು ಅನ್ನೋ ಮಾತು ಈ ಹೊಸ್ತಿಲು ದಾಟಬಾರದು. ನೆಂಟರು ಅಂತ ಹೇಳು. ಯಾರು, ಎತ್ತ, ಯಾವ ಕಡೆಯವ್ರು, ನಾನು ಬರ್ಕೊಡ್ತೀನಿ."

ಬರೆದೂ ಕೊಟ್ಟ. ಜಾಗದ ಪತ್ರ ಬರೆಯುವಾಗ ನಾಲ್ಕು ದಿಕ್ಕಿನ ಗಡಿ ಕಾಣಿಸುತ್ತಾರಲ್ಲ, ಚಕ್ಕುಬಂದಿ ಅಂತ, ಅಣ್ಣ ನೆಂಟಸ್ತಿಕೆಗೂ ಚಕ್ಕುಬಂದಿ ಹಾಕಿದ್ದ. 'ಮೊದಲನೇ ಕೋಣೆಯಲ್ಲಿ ವಾಸಿಸತಕ್ಕ ವ್ಯಕ್ತಿಯು ದಿವಂಗತ ಯಜಮಾನರ ದೊಡ್ಡಪ್ಪನ ಕಿರಿಯ ಮಗನಾಗಿದ್ದು, ಸದರಿ ಸಂಬಂಧಕ್ಕೆ ಪೂರ್ವಕ್ಕೆ ದೊಡ್ಡಪ್ಪನ ಮನೆತನ, ಪಶ್ಚಿಮಕ್ಕೆ ದೊಡ್ಡಮ್ಮನ ತವರು, ಉತ್ತರಕ್ಕೆ ಕಿವಿ ಕೇಳದ ಅಜ್ಜಿ, ದಕ್ಷಿಣಕ್ಕೆ ಸಾರ್ವಜನಿಕ ರಸ್ತೆ.' ಕೊನೆಯದು ಕೈ ರೂಢಿಯಿಂದ ಬಂದುಬಿಟ್ಟಿತ್ತು. ಎರಡನೇ ಕೋಣೆಗೆ ಬರುವವಳು ಹೆಂಗಸಾದರೆ ನಾದಿನಿಯ ಮಗಳು. ಟೈಪಕ್ಕ ಎರಡನ್ನೂ ಮೂರು ಮೂರು ಪ್ರತಿ ಟೈಪ್ ಮಾಡಿದಳು. ರಸ್ತೆಯನ್ನೂ ಸೇರಿಸಿಯೇ ಮಾಡಿದಳು. ಕರಡಿನಲ್ಲಿ ಇದ್ದದ್ದನ್ನು ಬಿಡುವ ಅಭ್ಯಾಸ ಅವಳಿಗಿರಲಿಲ್ಲ.

ಮೊದಲ ಕೋಣೆಗೆ ಬಂದವನು ವಿಮೆಯವನು. ವಿಮೆ ಪಾಲಿಸಿ ಮಾರುವವನು, ನಲವತ್ತರ ಆಸುಪಾಸು, ಸದಾ ಇಸ್ತ್ರಿ ಅಂಗಿ, ಬಗಲಲ್ಲಿ ಚರ್ಮದ ಚೀಲ. ಎರಡನೆಯದಕ್ಕೆ ಬಂದವಳು ಹಲ್ಲಿನ ಆಸ್ಪತ್ರೆಯ ನರ್ಸು, ಇಪ್ಪತ್ತಾರರ ಹುಡುಗಿ, ಮಾತು ಕಮ್ಮಿ. ಮೊದಲ ತಿಂಗಳು ಎಷ್ಟು ಚೆಂದ ಇತ್ತೆಂದರೆ, ಟೈಪಕ್ಕನಿಗೆ ಈಗಲೂ ಆ ತಿಂಗಳ ನೆನಪಾದರೆ ಮುಖ ಅರಳುತ್ತದೆ. ಇಬ್ಬರೂ ಒಂದನೇ ತಾರೀಖು ಬೆಳಿಗ್ಗೆ ಬಾಗಿಲು ತಟ್ಟಿ, ಚಪ್ಪಲಿ ಹೊರಗೇ ಬಿಟ್ಟು, ಮುಂಗಡ ಬಾಡಿಗೆ ಕೈಯಲ್ಲಿಟ್ಟರು.

"ನೀವೊಂದ್ಸಲ ಎಣಿಸಿಬಿಡಿ ಮೇಡಂ" ಎಂದ ವಿಮೆಯವನು.

"ನಿಮ್ಮ ಮೇಲೆ ನಂಬಿಕೆ ಇಲ್ವಾ" ಎನ್ನುತ್ತಲೇ ಟೈಪಕ್ಕ ಎರಡು ಸಲ ಎಣಿಸಿದಳು. ಆ ತಿಂಗಳ ಲಕೋಟೆಯನ್ನು ತಳ್ಳುವ ಧೈರ್ಯ ಇನ್ನೂ ಬಂದಿರಲಿಲ್ಲ. ಮುಂದಿನ ತಿಂಗಳು ಎಂದುಕೊಂಡಳು.

ಕೆಡಿಸಿದ್ದು ಎದುರುಮನೆಯ ಹೊಲಿಗೆಯವಳು. ಕೆಡಿಸಬೇಕೆಂದೇನೂ ಅಲ್ಲ, ಪಾಪ. ಬೀದಿಗೆ ಮುಖ ಮಾಡಿ ಹೊಲಿಗೆ ಯಂತ್ರ ತುಳಿಯುವ ಹೆಂಗಸಿಗೆ ಯಾರು ಬಂದರು, ಯಾರು ಹೋದರು ಎಂಬುದು ಕಣ್ಣಿಗೆ ಬೀಳದೆ ಇರುತ್ತದೆಯೇ? ಒಂದು ಸಂಜೆ ಅವಳು ವಿಮೆಯವನನ್ನು ನಿಲ್ಲಿಸಿ, "ನೀವು ಟೈಪಕ್ಕಂಗೆ ಏನಾಗ್ಬೇಕು?" ಎಂದು ಕೇಳಿದಳು. ಅವನು ಚೀಲದಿಂದ ಟೈಪಕ್ಕ ಕೊಟ್ಟಿದ್ದ ಕಾಗದ ತೆಗೆದು, ಪೂರ್ವಪಶ್ಚಿಮ ಓದಿ ಹೇಳಿದ. ಹೇಳುತ್ತ ಹೇಳುತ್ತ ಅವನಿಗೇ ಅದು ರುಚಿಸಿತು. ಊರೂರು ಅಲೆದು ಅಪರಿಚಿತರ ಬಾಗಿಲು ತಟ್ಟುವವನಿಗೆ ಪುಕ್ಕಟೆಯಾಗಿ ಒಬ್ಬಳು ಅತ್ತಿಗೆ ಸಿಕ್ಕಿದ್ದಳು.

ಅಲ್ಲಿಂದ ಸೀದಾ ಅಡುಗೆಮನೆಯ ಬಾಗಿಲಿಗೆ ಬಂದ. "ಅತ್ತಿಗೆ, ಚಹಾ ಇದ್ಯಾ?"

ಹೊಲಿಗೆಯವಳು ಎದುರು ಬಾಗಿಲಿಂದ ನೋಡುತ್ತಲೇ ಇದ್ದಳು. ಟೈಪಕ್ಕ 'ಬನ್ನಿ' ಎನ್ನಲು ಬಾಯಿ ತೆರೆದಳು. ಗಂಡನ ತಮ್ಮನಿಗೆ ಯಾರಾದರೂ ಬನ್ನಿ ಎನ್ನುತ್ತಾರೆಯೇ? "ಬಾಪ್ಪ, ಕೂತ್ಕೋ" ಎಂದಳು. ಆ ಒಂದು ಮಾತಿನಲ್ಲಿ ಬಾಡಿಗೆ ಹಾರಿಹೋಯಿತು, ಅದು ಅವಳಿಗೆ ಅಂದು ತಿಳಿಯಲಿಲ್ಲ. ಬಾಡಿಗೆ ಎಂಬ ಪ್ರಾಣಿ ಬದುಕುವುದು 'ನೀವು' ಎಂಬ ನೆರಳಿನಲ್ಲಿ. 'ನೀನು' ಎಂದ ಕಡೆ ಅದು ಒಂದು ವಾರವೂ ಉಸಿರಾಡುವುದಿಲ್ಲ.

ಮುಂದಿನದು ಸರಸರನೆ ನಡೆಯಿತು. ಮೈದುನ ಪಾತ್ರೆಗಳ ಮುಚ್ಚಳ ತೆಗೆದು ನೋಡತೊಡಗಿದ. ಉಪ್ಪು ಕಮ್ಮಿ ಎಂದ. ದಿನಪತ್ರಿಕೆಯನ್ನು ಅವಳಿಗಿಂತ ಮೊದಲು ಓದಿ, ಪುಟಗಳನ್ನು ತಿರುವುಮುರುವು ಮಡಿಸಿಟ್ಟ. ಬೀದಿಯಲ್ಲಿ ಐದು ಮನೆಗೆ 'ನಮ್ಮತ್ತಿಗೆ ಹೇಳಿದಾರೆ' ಎಂದು ಪಾಲಿಸಿ ಮಾರಿದ. ಕಾಗದದಲ್ಲಿ ಇಲ್ಲದ ನೆನಪುಗಳೂ ಅವನಿಗೆ ಬರತೊಡಗಿದವು. "ಅಣ್ಣ ನನ್ನನ್ನ ಸೈಕಲ್ ಮೇಲೆ ಕೂರಿಸ್ಕೊಂಡು ಹೋಗ್ತಿದ್ದ" ಎಂದು ಹೊಲಿಗೆಯವಳ ಮುಂದೆ ಕಣ್ಣು ಒರೆಸಿಕೊಂಡನಂತೆ. ಟೈಪಕ್ಕನ ಗಂಡನಿಗೆ ಜನ್ಮದಲ್ಲಿ ಸೈಕಲ್ ಬರುತ್ತಿರಲಿಲ್ಲ.

ನರ್ಸು ಹುಡುಗಿಯೂ ಹಿಂದೆ ಬೀಳಲಿಲ್ಲ. 'ಅತ್ತೆ' ಎಂದು ಕರೆದಳು, ಟೈಪಕ್ಕನ ಛತ್ರಿ ಒಯ್ದು ಕಳೆದುಕೊಂಡು ಬಂದಳು. ನೆಗಡಿಯಾದರೆ ಗಂಜಿಗೆ ಕಾದು ಮಲಗಿದಳು. ಒಂದು ದಿನ ಟೈಪಕ್ಕ ಗಂಜಿಯನ್ನು ತಡವಾಗಿ ಕೊಟ್ಟದ್ದಕ್ಕೆ ಎರಡು ದಿನ ಮುಖ ಊದಿಸಿಕೊಂಡಳು, ರಕ್ತಸಂಬಂಧಿಗಳಿಗೆ ಮಾತ್ರ ಬರುವ ಆ ಮುನಿಸನ್ನು ಹುಡುಗಿ ಎಲ್ಲಿ ಕಲಿತಿದ್ದಳೋ.

ಎರಡನೇ ತಿಂಗಳ ಒಂದನೇ ತಾರೀಖು ಯಾರೂ ಬಾಗಿಲು ತಟ್ಟಲಿಲ್ಲ. ಮೂರು ದಿನ ಕಾದು ಟೈಪಕ್ಕನೇ ಬಾಯಿ ಬಿಟ್ಟಳು. ವಿಮೆಯವನಿಗೆ ನಿಜವಾಗಿ ನೋವಾಯಿತು.

"ಏನತ್ತಿಗೆ, ನಮ್ಮೊಳಗೆ ಲೆಕ್ಕ ಯಾಕೆ?"

ಈ ಮಾತನ್ನು ಎಲ್ಲೋ ಕೇಳಿದ್ದೇನೆ ಎನ್ನಿಸಿತು ಅವಳಿಗೆ. ಎಲ್ಲಿ ಎಂದು ಹೊಳೆಯಲಿಲ್ಲ. ಒಲೆಯ ಮೇಲೆ ಹಾಲು ಉಕ್ಕುತ್ತಿತ್ತು.

ಮೂರನೇ ತಿಂಗಳ ಭಾನುವಾರ ಲಕೋಟೆಯ ಮೇಲಿನ ಕೈ ಒಂದೂಕಾಲು ಗಂಟೆ ಏಳಲಿಲ್ಲ. ಮೊದಲು ಒಬ್ಬಳ ಖರ್ಚಿತ್ತು, ಈಗ ಮೂವರದು. ಸೋಪು ಐದು. ಅಣ್ಣ ಪಟ್ಟಿ ನೋಡಿ ನಿಟ್ಟುಸಿರು ಬಿಟ್ಟು, ಬಹಳ ದಿನದಿಂದ ಹೊಟ್ಟೆಯಲ್ಲಿಟ್ಟುಕೊಂಡಿದ್ದನ್ನು ಹೊರಗೆ ಹಾಕಿದ.

"ನಿಂಗಿದೆಲ್ಲ ಆಗಲ್ಲ ಕಣೇ. ಮನೆ ಮಾರಿಬಿಡೋಣ. ಒಬ್ರು ನೋಡಿ ಇಟ್ಟಿದೀನಿ. ದುಡ್ಡು ನನ್ನ ಹತ್ರ ಇರಲಿ, ನೀನು ನಮ್ಮನೆಗೆ ಬಂದುಬಿಡು. ನಿಮ್ಮತ್ತಿಗೆಗೂ ಅಡುಗೆಮನೇಲಿ ಒಂದು ಕೈ ಆಗುತ್ತೆ."

ಬುಧವಾರ ಮಾಮೂಲಿನಂತೆ ಕರಡು ಬಂತು. ಅವಳ ಮನೆಯ ಕ್ರಯಪತ್ರವೇ ಅದು, ನಾಲ್ಕು ಪುಟ. ಮೇಲೊಂದು ಚೀಟಿ: 'ಟೈಪ್ ಮಾಡಿಡು. ಮುಂದಿನ ತಿಂಗಳ ಭಾನುವಾರ ಬಂದಾಗ ಸಹಿ ಹಾಕಿದರೆ ಮುಗಿಯಿತು.' ಪೂರ್ವಕ್ಕೆ ಗಾಜಿನಂಗಡಿಯವರ ಗೋಡೆ, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಖಾಲಿ ನಿವೇಶನ, ದಕ್ಷಿಣಕ್ಕೆ ಸಾರ್ವಜನಿಕ ರಸ್ತೆ. ಅದರ ನಡುವೆ ತಾನು. ಟೈಪಕ್ಕ ಮಾಳಿಗೆಯ ಮೆಟ್ಟಿಲ ಮೇಲೆ ಕೂತು ಅತ್ತಳು. ಗಂಡ ಹೋದಾಗ ಅತ್ತದ್ದು ಬೇರೆ, ಆಗ ಸುತ್ತ ಜನ ಇದ್ದರು. ಇದು ಹೊಟ್ಟೆಯೊಳಗಿಂದ ಬಂದ ಅಳು. ತನ್ನ ಮನೆ ಹೋಗುವ ಕಾಗದವನ್ನೂ ತಾನೇ ಟೈಪ್ ಮಾಡಬೇಕು, ಅದೂ ಬಿಟ್ಟಿ.

ಆ ತಿಂಗಳೆಲ್ಲ ಕರಡು ಮಷೀನಿನ ಪಕ್ಕದಲ್ಲೇ ಬಿದ್ದಿತ್ತು. ಟೈಪಕ್ಕ ಅದರ ಮೇಲೆ ಉಪ್ಪಿನ ಡಬ್ಬಿ ಇಟ್ಟಿದ್ದಳು. ತಿಂಗಳ ಕೊನೆಯಲ್ಲಿ ಒಂದು ಮಧ್ಯಾಹ್ನ ಹೊಲಿಗೆಯವಳು ಬಂದಳು. ಅವಳು ಅಂಗಡಿಗೆಂದು ಒಂದು ಕೋಣೆ ಕೊಂಡಿದ್ದಳು, ಅದರ ಪತ್ರ ಬರೆದದ್ದು ಅಣ್ಣನೇ. ಅದನ್ನು ತೋರಿಸಿ ಸಂತೋಷ ಹಂಚಿಕೊಳ್ಳಲು ಬಂದಿದ್ದಳು.

"ನಿಮ್ಮ ಕೈ ಟೈಪಿಂಗ್ ಮುತ್ತಿನ ಹಾಗಿದೆ ಬಿಡಿ ಟೈಪಕ್ಕ. ಸ್ವಲ್ಪ ದುಬಾರಿ ಅಷ್ಟೆ. ಪತ್ರ ಬರೆದಿದ್ದಕ್ಕೆ ಬೇರೆ, ಟೈಪಿಂಗಿಗೆ ಬೇರೆ ತಗೊಂಡ್ರು ನಿಮ್ಮಣ್ಣ, ಪುಟಕ್ಕೆ ಅರವತ್ತು. 'ನಮ್ಮ ತಂಗಿ ಜೀವನ ಅದರಲ್ಲೇ ನಡಿಬೇಕು' ಅಂದ್ರು. ನಾನೂ ಚೌಕಾಸಿ ಮಾಡ್ಲಿಲ್ಲ."

ಟೈಪಕ್ಕ ನೀರು ಕುಡಿಯುತ್ತಿದ್ದಳು, ನೆತ್ತಿಗೇರಿತು. ಹೊಲಿಗೆಯವಳು ಬೆನ್ನು ತಟ್ಟಿದಳು.

ನಮ್ಮೊಳಗೆ ಲೆಕ್ಕ ಯಾಕೆ. ಎಲ್ಲಿ ಕೇಳಿದ್ದೆ ಎಂಬುದು ಈಗ ಹೊಳೆಯಿತು. ವಿಮೆಯವನಿಗೆ ಆ ಮಾತು ಬಂದದ್ದು ಎರಡೇ ತಿಂಗಳಲ್ಲಿ. ಅಣ್ಣ ಇಪ್ಪತ್ತೆಂಟು ವರ್ಷದಿಂದ ಅದನ್ನು ಹೇಳದೆಯೇ ಹೇಳುತ್ತ ಬಂದಿದ್ದ. ಬುಧವಾರ ಬುಧವಾರ ಅವಳ ಬೆರಳಿನ ಕೂಲಿ ಅವನ ಜೇಬಿಗೆ ಹೋಗಿ, ಅದರಲ್ಲಿ ಒಂದಿಷ್ಟು ಲಕೋಟೆ ತೊಟ್ಟುಕೊಂಡು ಭಾನುವಾರ ಅವಳ ಮೇಜಿಗೆ ಧರ್ಮವಾಗಿ ವಾಪಸು ಬರುತ್ತಿತ್ತು. ಅದರ ಮೇಲೆ ಅಂಗೈ ಬೇರೆ! ಮೂರು ಚಮಚ ಸಕ್ಕರೆ ಬೇರೆ!

ಹೊಲಿಗೆಯವಳು ಹೋದ ಮೇಲೆ ಟೈಪಕ್ಕ ಮಷೀನಿನ ಹೊದಿಕೆ ಎಳೆದು ಬಿಸಾಡಿದಳು. ಹೊಸ ರಿಬ್ಬನ್ನು ಹಾಕಿದಳು. ಇಪ್ಪತ್ತೆಂಟು ವರ್ಷ ಅಣ್ಣನ ಭಾಷೆ ಟೈಪ್ ಮಾಡಿದವಳಿಗೆ ಕರಡು ಬೇಕಿರಲಿಲ್ಲ. 'ನೆಂಟಸ್ತಿಕೆ ಬಿಡುಗಡೆ ಪತ್ರ' ಎಂದು ಮೇಲೆ ಹೊಡೆದು, ಕೆಳಗೆ ಗೆರೆ ಎಳೆದಳು. 'ಈ ಮೂಲಕ ಒಂದನೇ ಪಾರ್ಟಿಯಾದ ಮನೆಯ ಒಡತಿಯು ಎರಡನೇ ಪಾರ್ಟಿಯನ್ನು ಮೈದುನತನದಿಂದ ಖಾಯಂ ಆಗಿ ಮುಕ್ತಗೊಳಿಸಿದ್ದು, ಇನ್ನು ಮುಂದೆ ಸದರಿಯವರು ಉಪ್ಪಿನ ವಿಷಯವಾಗಿ ಯಾವುದೇ ತಕರಾರು ಮಾಡತಕ್ಕದ್ದಲ್ಲ. ಸದರಿಯವರು ತಿಂಗಳ ಒಂದನೇ ತಾರೀಖು ಬಾಡಿಗೆ ಕೊಡತಕ್ಕದ್ದು, ತಪ್ಪಿದಲ್ಲಿ ದಕ್ಷಿಣಕ್ಕೆ ಸಾರ್ವಜನಿಕ ರಸ್ತೆ.' ಸಾಲು ಮುಗಿದಾಗೆಲ್ಲ ಮಷೀನು ಟಣ್ ಎನ್ನುತ್ತಿತ್ತು, ಅವಳ ಮಾತಿಗೆ ಹೌದು ಎನ್ನುವ ಹಾಗೆ.

ಶನಿವಾರ ಬೆಳಿಗ್ಗೆ ಇಬ್ಬರನ್ನೂ ಹಜಾರಕ್ಕೆ ಕರೆದು, ಅವನಿಗೆ ಮೈದುನತನದ್ದು, ಹುಡುಗಿಗೆ ಸೊಸೆತನದ್ದು ಎಂದು ಒಂದೊಂದು ಪತ್ರ ಕೊಟ್ಟಳು. ವಿಮೆಯವನ ಮುಖ ಸಪ್ಪಗಾಯಿತು.

"ಅತ್ತಿಗೆ, ಸಂಬಂಧ ಕಡ್ಕೊಳ್ಳೋಷ್ಟು ನಾನೇನು ಮಾಡ್ದೆ?"

"ನೀವೇನೂ ಮಾಡ್ಲಿಲ್ಲ" ಎಂದಳು ಟೈಪಕ್ಕ. 'ನೀವು' ಎಂಬ ಪದ ಬಾಯಿಂದ ಹೊರಗೆ ಬಂದ ಕೂಡಲೇ ಎಷ್ಟು ಹಗುರವಾಯಿತೆಂದರೆ, ಇನ್ನೊಂದು ಸಲ ಹೇಳಿದಳು. "ನೀವು ಬಾಡಿಗೆ ಕೊಡ್ಲಿಲ್ಲ, ಅದಷ್ಟೆ. ಈ ತಿಂಗಳದ್ದೂ ಸೇರಿ ಮೂರು ತಿಂಗಳದ್ದು. ಕೊಟ್ಟು ಇರಿ, ಇಲ್ಲ ಇವತ್ತೇ ಪೆಟ್ಟಿಗೆ ಕಟ್ಟಿ. ಚಹಾ ಬೇಕಾದ್ರೆ ಬೀದಿ ಮೂಲೇಲಿ ಅಂಗಡಿ ಇದೆ."

ಅವನು ಕಾಗದವನ್ನು ಎರಡು ಸಲ ಓದಿದ. ವಿಮೆಯ ಕಸುಬಿನವನು, ಸಣ್ಣ ಅಕ್ಷರಗಳಿಗೆ ಹೆದರುವುದು ಗೊತ್ತಿತ್ತು. ಮೇಲೆ ಹೋಗಿ ಚರ್ಮದ ಚೀಲ ಬಿಚ್ಚಿ ದುಡ್ಡು ತಂದ. "ನೀವೊಂದ್ಸಲ ಎಣಿಸಿಬಿಡಿ ಮೇಡಂ" ಎಂದ.

ನರ್ಸು ಹುಡುಗಿ ಮಾತ್ರ ಕಾಗದ ಓದಿ ನಕ್ಕೇಬಿಟ್ಟಳು. "ನಿಜ ಹೇಳ್ಲಾ ಮೇಡಂ? ನಮ್ಮ ಸ್ವಂತ ಅತ್ತೆ ಕಾಟ ತಾಳಲಾರದೆ ನಾನು ರೂಮ್ ಹುಡುಕ್ಕೊಂಡು ಬಂದಿದ್ದು. ಇಲ್ಲೂ ಒಬ್ರು ಅತ್ತೆ ಅಂತ ಕಾಗದ ಕೊಟ್ರಿ. ಸೊಸೆಯಂದಿರು ಹೇಗಿರ್ತಾರೋ ಹಾಗಿದ್ದೆ ಅಷ್ಟೆ." ಬಾಡಿಗೆಯ ಜೊತೆ ಒಂದು ಹೊಸ ಛತ್ರಿಯನ್ನೂ ತಂದಿಟ್ಟಳು. ಟೈಪಕ್ಕನಿಗೆ ಆ ಹುಡುಗಿಯ ಮೇಲೆ ಅವತ್ತು ಬಂದಷ್ಟು ಅಕ್ಕರೆ, ಅವಳು ಸೊಸೆಯಾಗಿದ್ದಾಗ ಒಂದು ದಿನವೂ ಬಂದಿರಲಿಲ್ಲ.

ಶನಿವಾರ ಮಧ್ಯಾಹ್ನ ಉಪ್ಪಿನ ಡಬ್ಬಿ ಎತ್ತಿಟ್ಟು, ಅಣ್ಣನ ನಾಲ್ಕು ಪುಟ ಟೈಪ್ ಮಾಡಿದಳು. ಒಂದಕ್ಷರ ತಪ್ಪಲಿಲ್ಲ.

ಭಾನುವಾರ ಹತ್ತಕ್ಕೆ ಅಣ್ಣ ಬಂದ. ಕೈಯಿರುವ ಕುರ್ಚಿ, ಕಂದು ಲಕೋಟೆ, ಅಂಗೈ. ಟೈಪಕ್ಕ ಕ್ರಯಪತ್ರವನ್ನು ಮುಂದಿಟ್ಟಳು. ಅವನು ಇನ್ನೊಂದು ಕೈಯಿಂದ ಪುಟ ತಿರುವಿ ನೋಡಿದ.

"ಭೇಷ್. ಎಲ್ಲಿ, ಸಹಿ ಹಾಕು."

"ಸಹಿ ಹಾಕಲ್ಲ ಅಣ್ಣ."

"ಅಂದ್ರೆ? ಮತ್ತೆ ಟೈಪ್ ಯಾಕೆ ಮಾಡ್ದೆ?"

"ಟೈಪ್ ಮಾಡೋದು ನನ್ನ ಕೆಲಸ. ಮನೆ ಮಾರೋದಲ್ಲ." ಈ ಸಲ ಒಲೆ ಅಲ್ಲಿರಲಿಲ್ಲ. ಅವಳು ಒಂದು ಸಣ್ಣ ಚೀಟಿಯನ್ನು ಪತ್ರದ ಮೇಲಿಟ್ಟಳು. "ರಸೀದಿ ಇದು. ನಾಲ್ಕು ಪುಟ, ಪುಟಕ್ಕೆ ಅರವತ್ತು. ನೀವು ಗಿರಾಕಿಗಳ ಹತ್ರ ತಗೊಳ್ಳೋ ರೇಟೇ ಹಾಕಿದೀನಿ. ಕಾರ್ಬನ್ ಪ್ರತಿಗೆ ದುಡ್ಡಿಲ್ಲ."

ಅಣ್ಣನಿಗೆ ಅರವತ್ತು ಕೇಳಿಸಿತು, ಮುಖ ಕಪ್ಪಾಯಿತು. ಆದರೆ ಅದಕ್ಕಿಂತ ಜೋರಾಗಿ ಕೇಳಿಸಿದ್ದು ಬೇರೊಂದು.

"ನೀವು ಅಂತೀಯಾ? ನನ್ನನ್ನಾ? ಎತ್ತಿ ಆಡಿಸಿದವನನ್ನಾ?" ಎಂದು ಎದೆ ಮುಟ್ಟಿಕೊಂಡ. ಮುಟ್ಟಿಕೊಳ್ಳಲು ಕೈ ಲಕೋಟೆಯ ಮೇಲಿಂದ ಏಳಲೇಬೇಕಾಯಿತು. ಗೋಡೆ ಗಡಿಯಾರದಲ್ಲಿ ಹತ್ತು ಗಂಟೆ ಏಳು ನಿಮಿಷ.

ಟೈಪಕ್ಕ ಲಕೋಟೆ ತೆರೆದಳು. ಇನ್ನೂರ ನಲವತ್ತು ಎಣಿಸಿ ತೆಗೆದುಕೊಂಡಳು. ಉಳಿದದ್ದನ್ನು ಹಾಗೇ ಮಡಿಸಿ, ಮೂರು ವರ್ಷದಿಂದ ಅಭ್ಯಾಸ ಮಾಡಿದ್ದ ಕೈಯಿಂದ, ಮೇಜಿನ ಆ ತುದಿಗೆ ತಳ್ಳಿದಳು.

"ಬೇಡ ಅಣ್ಣ."

ಅಷ್ಟು ದನಿಗಳಲ್ಲಿ ಅಭ್ಯಾಸ ಮಾಡಿದ್ದಳಲ್ಲ, ಬಂದದ್ದು ಅವು ಯಾವುವೂ ಅಲ್ಲ. ಉಪ್ಪು ಬೇಕಾ ಎಂದರೆ ಬೇಡ ಎನ್ನುವಂಥ ದನಿ.

"ನಮ್ಮೊಳಗೆ..." ಎಂದು ಶುರು ಮಾಡಿದ ಅಣ್ಣ, ಮುಂದಿನದನ್ನು ನುಂಗಿಕೊಂಡ.

"ಹಿಂದಿನದು ನಾನು ಕೇಳಲ್ಲ" ಎಂದಳು ಟೈಪಕ್ಕ. "ಇನ್ನು ಬುಧವಾರದ್ದಕ್ಕೆಲ್ಲ ರಸೀದಿ ಇರುತ್ತೆ. ಬೇರೆ ಕಡೆ ಮಾಡಿಸಿದ್ರೂ ನಂಗೆ ಬೇಜಾರಿಲ್ಲ."

ಬೇರೆ ಕಡೆ ಇಷ್ಟು ಚೊಕ್ಕವಾಗಿ ಯಾರೂ ಮಾಡುವುದಿಲ್ಲ ಎಂಬುದು ಅವನಿಗೂ ಗೊತ್ತು. ರಸೀದಿಯನ್ನು ಎತ್ತಿ ಓದಿದ. ಎದ್ದು ಹೋಗಬಹುದಿತ್ತು, ಹೋಗಲಿಲ್ಲ. ಕೊನೆಗೆ ಕಸುಬು ತಡೆಯಲಿಲ್ಲ. "ತಾರೀಖು ಹಾಕಿಲ್ಲ. ಹೀಗಿದ್ರೆ ಊರ್ಜಿತ ಆಗಲ್ಲ" ಎಂದ, ಗೋಡೆಯ ಕಡೆ ತಿರುಗಿ.

ಟೈಪಕ್ಕ ರಸೀದಿ ಒಳಗೆ ಒಯ್ದು, ಮಷೀನಿಗೆ ಏರಿಸಿ, ತಾರೀಖು ಹೊಡೆದು ತಂದಳು. ಬರುವಾಗ ಚಹಾದ ಲೋಟವನ್ನೂ, ಸಕ್ಕರೆ ಡಬ್ಬಿಯನ್ನೂ ತಂದಳು. ಅಣ್ಣ ಡಬ್ಬಿಯನ್ನು ನೋಡಿದ, ಲಕೋಟೆಯನ್ನು ನೋಡಿದ, ಜೇಬಿಗೆ ಹಾಕಿಕೊಂಡ.

"ಒಂದೇ ಚಮಚ ಸಾಕು" ಎಂದ ಮೆಲ್ಲಗೆ.

ಟೈಪಕ್ಕ ಮೂರೂ ಹಾಕಿದಳು. ಸಕ್ಕರೆ ಅವಳದು.